ಉಪ್ಪು ಜಾಸ್ತಿಯಾದರೆ ನೀರು

ಸಾರಿಗೆ ಉಪ್ಪು ಜಾಸ್ತಿಯಾದರೆ ಏನು ಮಾಡಬೇಕು ಅಂತ ಯಾರನ್ನಾದರೂ ಕೇಳಿ ನೋಡಿ. ಗೊತ್ತಿಲ್ಲ ಎನ್ನುವವರು ನಮ್ಮ ಕಡೆ ಸಿಗುವುದಿಲ್ಲ. ಬಿಸಿನೀರು ಬೆರೆಸಿ ಒಂದು ಕುದಿ ಕುದಿಸು ಎನ್ನುತ್ತಾಳೆ ನಮ್ಮಮ್ಮ. ನಿಂಬೆಹಣ್ಣು ಹಿಂಡು ಎನ್ನುತ್ತಾರೆ ಇನ್ನೊಬ್ಬರು. ಹಿಟ್ಟಿನ ಉಂಡೆ ಬಿಟ್ಟು ಆಮೇಲೆ ತೆಗಿ ಎನ್ನುವವರಿದ್ದಾರೆ. ಬಹುಮತ ಮಾತ್ರ ಆಲೂಗಡ್ಡೆ ಪಕ್ಷದ್ದು. ಆಲೂಗಡ್ಡೆಯೇನೂ ಉಪ್ಪನ್ನಷ್ಟೇ ಆರಿಸಿಕೊಂಡು ಹೀರುವುದಿಲ್ಲ, ಸಾರಿನ ಜೊತೆಗೇ ಹೀರುತ್ತದೆ. ಇರಲಿ, ಅವರ ಜೊತೆ ವಾದ ಬೇಡ. ಈ ಸಲಹೆಗಳಲ್ಲಿ ನನಗೆ ಇಷ್ಟವಾಗುವುದು ಒಂದೇ. ಹೇಳುವವರು ಯಾರೂ ಗಾಬರಿಯಾಗಿರುವುದಿಲ್ಲ. ಸಾರು ಕೆಟ್ಟರೆ ಕೆಟ್ಟಿತು. ಮೊಸರಿದೆ, ಉಪ್ಪಿನಕಾಯಿ ಇದೆ, ಊಟ ನಡೆಯುತ್ತದೆ.

ನಾನು ಎಂ.ಡಿ. ಜನರಲ್ ಮೆಡಿಸಿನ್ ಎರಡನೇ ವರ್ಷದ ಪಿಜಿ. ಮೂರು ವರ್ಷದ ಕೋರ್ಸು. ಓದುವ ವಿದ್ಯಾರ್ಥಿ ಎಂದು ಫೀಸು ಕಟ್ಟಿಸಿಕೊಳ್ಳುತ್ತಾರೆ, ದುಡಿಯುವ ಡಾಕ್ಟರ್ ಎಂದು ಸ್ಟೈಪೆಂಡ್ ಕೊಡುತ್ತಾರೆ. ರೋಗಿಗಳ ಕಡೆಯವರು ಇವೆರಡನ್ನೂ ಒಪ್ಪದೆ "ಸಿಸ್ಟರ್, ಡ್ರಿಪ್ ಖಾಲಿ ಆಯ್ತು" ಎಂದು ಕೂಗುತ್ತಾರೆ. ಕುತ್ತಿಗೆಯಲ್ಲಿ ಸ್ಟೆತ್ ಇದ್ದರೂ ಅಷ್ಟೇ. ಪಕ್ಕದಲ್ಲಿ ನಿಂತ ಇಂಟರ್ನ್ ಹುಡುಗ, ಮೀಸೆ ಈಗಷ್ಟೇ ದಟ್ಟವಾಗುತ್ತಿರುವವನು, ಅವನು ಮಾತ್ರ "ಡಾಕ್ಟ್ರೇ". ಮೊದಲ ವರ್ಷ ತಿದ್ದುತ್ತಿದ್ದೆ. ಈಗ ಹೋಗಿ ಡ್ರಿಪ್ ಬದಲಾಯಿಸುತ್ತೇನೆ. ಅದೇ ಬೇಗ ಮುಗಿಯುತ್ತದೆ.

ಉಪ್ಪಿನ ವಿಷಯಕ್ಕೆ ಬರುತ್ತೇನೆ. ವಾರ್ಡಿನಲ್ಲಿ ಉಪ್ಪೆಂದರೆ ಬೇರೆಯೇ ಲೆಕ್ಕ. ರಾತ್ರಿ ಹನ್ನೊಂದರ ಹೊತ್ತಿಗೆ ಒಬ್ಬ ಅಜ್ಜಿಯನ್ನು ಕರೆತರುತ್ತಾರೆ ಎಂದುಕೊಳ್ಳಿ. ಇಂಥ ಅಜ್ಜಿಯರು ನಮಗೆ ಆಗಾಗ ಬರುತ್ತಾರೆ. ಎರಡು ದಿನದಿಂದ ಮಾತು ಅಡ್ಡಾದಿಡ್ಡಿ. ಮಗನನ್ನು ತಮ್ಮ ಎನ್ನುತ್ತಾರೆ, ತೀರಿಹೋದ ಗಂಡನಿಗೆ ತಟ್ಟೆ ಇಡು ಎನ್ನುತ್ತಾರೆ. ಮನೆಯವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿಕೊಂಡೇ ಬಂದಿರುತ್ತಾರೆ. ರಕ್ತ ಕಳಿಸಿದರೆ ಸೋಡಿಯಂ, ಅಂದರೆ ರಕ್ತದಲ್ಲಿನ ಉಪ್ಪಿನಂಶ, 108. ಇರಬೇಕಾದ್ದು 135ರಿಂದ 145. ಕೈಚೀಲದ ತಳದಲ್ಲಿ ಮಾತ್ರೆಯ ಪಟ್ಟಿ ಸಿಗುತ್ತದೆ. ಬಿ.ಪಿ.ಗೆ ಅಂತ ಕೊಟ್ಟ, ನೀರು ಇಳಿಸುವ ಮಾತ್ರೆ. ಕೆಲವು ವಯಸ್ಸಾದವರಲ್ಲಿ ಅದು ನೀರಿನ ಜೊತೆ ಉಪ್ಪನ್ನೂ ಇಳಿಸಿಬಿಡುತ್ತದೆ. ಜೊತೆಗೆ ವಾಂತಿ, ಎರಡು ದಿನ ಬರೀ ಗಂಜಿತಿಳಿ. ಗಾಳಿಯ ಪಾಲು ಏನೂ ಇರುವುದಿಲ್ಲ.

ಉಪ್ಪು ಕಮ್ಮಿಯಾಗಿದ್ದರೆ ಉಪ್ಪು ಹಾಕಿದರಾಯ್ತು, ಅಲ್ವಾ? ಹಾಗೆ ಹಾಕುವಂತಿಲ್ಲ. ಮೂರು ಪರ್ಸೆಂಟ್ ಸಲೈನ್ ಎಂಬ ಗಟ್ಟಿ ಉಪ್ಪುನೀರು ಇದೆ. ಅದನ್ನು ಅಳೆದು ಅಳೆದು ಬಿಡಬೇಕು. 24 ಗಂಟೆಯಲ್ಲಿ ಸೋಡಿಯಂ ಎಂಟರ ಆಸುಪಾಸು ಏರಿದರೆ ಸಾಕು, ಹತ್ತು ದಾಟಲೇಬಾರದು. ಅವಸರದಲ್ಲಿ ಏರಿಸಿದರೆ ಮಿದುಳಿನ ಬುಡದಲ್ಲಿರುವ ಪಾನ್ಸ್ ಎಂಬ ಜಾಗಕ್ಕೆ ಪೆಟ್ಟು. ಅದು ಆಗಲೇ ಗೊತ್ತಾಗುವುದೂ ಇಲ್ಲ. ಎರಡು ಮೂರು ದಿನ ಗೆಲುವಾಗಿದ್ದವರು ಆಮೇಲೆ ಮಾತು ತೊದಲುತ್ತಾರೆ, ನೀರು ನುಂಗಲಾರರು, ಕೈಕಾಲು ಎತ್ತಲಾರರು. ಹೀಗಾಗಿ ರಾತ್ರಿಯಿಡೀ ನಾಲ್ಕು ಗಂಟೆಗೊಮ್ಮೆ ರಕ್ತ ತೆಗೆಯುವುದು, ಲ್ಯಾಬಿಗೆ ಓಡುವುದು, ಕ್ಯಾಲ್ಕುಲೇಟರ್ ಒತ್ತುವುದು. ಎಷ್ಟೋ ಸಲ ದೇಹವೇ ಜೋರು ಮಾಡಿ ಸೋಡಿಯಂ ಸರ್ರನೆ ಏರಿಬಿಡುತ್ತದೆ. ಆಗ ಏನು ಮಾಡುತ್ತೇವೆ ಹೇಳಿ? ನೀರು ಹಾಕುತ್ತೇವೆ. ಸಕ್ಕರೆ ಬೆರೆಸಿದ ಡಿ-5 ಎಂಬ ನೀರು, ಜೊತೆಗೆ ಆ ನೀರು ಮೂತ್ರದಲ್ಲಿ ಸೋರಿಹೋಗದಂತೆ ತಡೆಯುವ ಒಂದು ಇಂಜೆಕ್ಷನ್ನು. ನಮ್ಮಮ್ಮನ ಸಲಹೆಯೇ. ಆದರೆ ಅಮ್ಮ ಹೇಳುವಾಗ ಯಾರ ಎದೆಯೂ ಡವಡವ ಅನ್ನುವುದಿಲ್ಲ.

ಮೂರನೇ ದಿನ ರೌಂಡ್ಸಿಗೆ ಹೋದಾಗ ಅಜ್ಜಿ ಎದ್ದು ಕೂತಿರುತ್ತಾರೆ. "ಯಾರವ್ವ ನೀನು? ಯಾವೂರು?" ಎಂದು ನನ್ನನ್ನೇ ವಿಚಾರಿಸಿಕೊಳ್ಳುತ್ತಾರೆ. ಆಮೇಲೆ ಆಸ್ಪತ್ರೆ ಊಟದ ಬಗ್ಗೆ ದೂರು. "ಏನ್ ಸಾರೋ ಏನ್ ಕತೆಯೋ, ಒಂದ್ ಕಲ್ಲು ಉಪ್ಪಿಲ್ಲ ಕಣವ್ವ." ಆ ಮಾತು ಕೇಳಲು ನಾವು ಮೂರು ದಿನ ಕಾದಿರುತ್ತೇವೆ.

ಇಂಥ ಉಪ್ಪಿನ ಸಹವಾಸ ಮುಗಿಸಿ ಮನೆಗೆ ಬಂದು ನಾನು ಮಾಡುವ ಮೊದಲ ಕೆಲಸ ಸಾರು. ಇದು ಯಾರಿಗೂ ಅರ್ಥವಾಗುವುದಿಲ್ಲ. ಅಮ್ಮ ಅರಸೀಕೆರೆಯಿಂದ ಫೋನ್ ಮಾಡಿ ಬೈಯುತ್ತಾಳೆ. "ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೀಯ, ಹೋಟೆಲಿಂದ ತರಿಸ್ಕೊಂಡು ಮಲಗಬಾರದೇನೇ?" ಅಮ್ಮನ ಬಾಯಲ್ಲಿ ಹೋಟೆಲಿನ ಶಿಫಾರಸು ಬರಬೇಕಾದರೆ ನನ್ನ ಮುಖ ವಿಡಿಯೋ ಕಾಲಿನಲ್ಲಿ ಹೇಗೆ ಕಂಡಿರಬೇಕು, ಯೋಚಿಸಿ. ಮೊದಲು ನಾನೂ ಹಾಗೇ ಮಾಡುತ್ತಿದ್ದೆ. ಡಬ್ಬಿ ಬಿಚ್ಚಿ ತಿಂದು ಬಿದ್ದುಕೊಂಡರೆ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಬೆಡ್ ನಂಬರುಗಳು. ಏಳನೇ ಬೆಡ್ಡಿನವರ ಪೊಟ್ಯಾಸಿಯಂ ರಿಪೋರ್ಟು ಬಂತಾ? ಹದಿನಾಲ್ಕರ ಡಿಸ್ಚಾರ್ಜ್ ಸಮರಿಗೆ ಸಹಿ ಆಯ್ತಾ? ಹ್ಯಾಂಡೋವರ್ ಕೊಟ್ಟು ಬಂದಿರುತ್ತೇನೆ, ನಿಜ. ತಲೆಗೆ ಮಾತ್ರ ಹ್ಯಾಂಡೋವರ್ ಗೊತ್ತಿಲ್ಲ.

ಒಗ್ಗರಣೆಯ ವಾಸನೆಗೆ ಅದನ್ನು ಓಡಿಸುವ ಶಕ್ತಿ ಇದೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಆಸ್ಪತ್ರೆ ಬಟ್ಟೆಯನ್ನು ಬೇರೆ ಬಕೆಟ್ಟಿಗೆ ಹಾಕಿ, ತಲೆ ಮೇಲೆ ಬಿಸಿಬಿಸಿ ನೀರು ಸುರಿದುಕೊಂಡು ಬರುತ್ತೇನೆ. ಆಗ ಮಧ್ಯಾಹ್ನ ಎರಡೋ ಎರಡೂವರೆಯೋ. ಕುಕ್ಕರಿನಲ್ಲಿ ಒಂದು ಹಿಡಿ ತೊಗರಿಬೇಳೆ, ಮೇಲಿನ ಪಾತ್ರೆಯಲ್ಲಿ ಅಕ್ಕಿ. ನಿಂಬೆ ಗಾತ್ರದ ಹುಣಸೆಹಣ್ಣು ನೀರಲ್ಲಿ ನೆನೆಯುತ್ತಿರುತ್ತದೆ. ಎರಡು ಟೊಮೆಟೊ ಕೈಯಲ್ಲೇ ಹಿಚುಕಿ ಹಾಕುತ್ತೇನೆ. ಗ್ಲೋವ್ಸ್ ಇಲ್ಲದ ಕೈಗೆ ಏನಾದರೂ ತಾಗಿದರೆ ಒಂಥರಾ ಹಿತ. ಅಮ್ಮ ಕಳಿಸಿದ ಸಾರಿನ ಪುಡಿ, ಚೂರು ಬೆಲ್ಲ, ಕೈಗೆ ಬಂದಷ್ಟು ಉಪ್ಪು. ಬೇಳೆಕಟ್ಟು ಸೇರಿಸಿ ಉಕ್ಕು ಬರುವ ಹೊತ್ತಿಗೆ ಸಣ್ಣ ಸೌಟಿನಲ್ಲಿ ತುಪ್ಪ, ಸಾಸಿವೆ, ಇಂಗು, ಕರಿಬೇವು. ಚೊಂಯ್ ಅಂದರೆ ಮುಗಿಯಿತು.

ಆ ಮುಗಿಯುವುದೇ ದೊಡ್ಡದು ನೋಡಿ. ಆಸ್ಪತ್ರೆಯಲ್ಲಿ ಯಾವುದೂ ಮುಗಿಯುವುದಿಲ್ಲ. ಒಬ್ಬರನ್ನು ಮನೆಗೆ ಕಳಿಸಿದ ಬೆಡ್ಡಿನ ಚಾದರ ಬದಲಾಗುವ ಮುಂಚೆ ಇನ್ನೊಬ್ಬರು ಬಂದು ಕೂತಿರುತ್ತಾರೆ. ಥೀಸಿಸ್ಸಂತೂ ಮುಗಿಯಬಾರದೆಂದೇ ಹುಟ್ಟಿದ್ದು. ಸಾರು ಹಾಗಲ್ಲ. ಅರ್ಧ ಗಂಟೆ ಹಿಂದೆ ಇರಲಿಲ್ಲ, ಈಗ ಇದೆ. ಅದಕ್ಕೆ ಕೇಸ್ ಶೀಟ್ ಬರೆಯಬೇಕಾಗಿಲ್ಲ.

ಗಂಡ ಒಮ್ಮೆ ಅಳತೆ ಚಮಚಗಳ ಸೆಟ್ ತಂದುಕೊಟ್ಟ. ಸ್ಟೀಲಿನವು, ಕಾಲು ಚಮಚದಿಂದ ಹಿಡಿದು ದೊಡ್ಡ ಚಮಚದ ತನಕ. ಬ್ಯಾಂಕಿನವನು, ಲೆಕ್ಕ ಸರಿ ಇರಬೇಕು ಅನ್ನುವ ಜಾತಿ. ಪಾಪ, ಹೆಂಡತಿಗೆ ಅನುಕೂಲವಾಗಲಿ ಅಂತ ತಂದದ್ದು. ನಾನು ಮೊಳೆಗೆ ನೇತುಹಾಕಿದ್ದೇನೆ, ಮುಟ್ಟಿಲ್ಲ. ದಿನಪೂರ್ತಿ ಮಿಲಿಲೀಟರಿನಲ್ಲಿ, ಮೈಕ್ರೋಗ್ರಾಮಿನಲ್ಲಿ, ನಿಮಿಷಕ್ಕಿಷ್ಟು ಹನಿ ಎಂದು ಬದುಕುವವಳಿಗೆ "ಕೈಗೆ ಬಂದಷ್ಟು" ಎನ್ನುವ ಅಳತೆಯೇ ರಜೆ. ಒಂದು ಲೆಕ್ಕ ಹೇಳಲೇ? ಸಾಮಾನ್ಯ ಸಲೈನಿನ ಅರ್ಧ ಲೀಟರ್ ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪಿರುತ್ತದೆ. ಸುಸ್ತಿಗೆ ಒಂದು ಗ್ಲೂಕೋಸ್ ಹಾಕಿಬಿಡಿ ಎಂದು ಜನ ಕೇಳಿ ಹಾಕಿಸಿಕೊಳ್ಳುವ ಬಾಟಲಿಗಳಲ್ಲಿ ಎಷ್ಟೋ ಇದೇ. ದಿನಪೂರ್ತಿ ಊಟದಲ್ಲಿ 5 ಗ್ರಾಮಿಗಿಂತ ಕಮ್ಮಿ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದನ್ನೆಲ್ಲ ತಿಳಿದವಳು ಒಲೆಯ ಮುಂದೆ ಒಂದು ಚಿಟಿಕೆ ಜಾಸ್ತಿಯೇ ಹಾಕುತ್ತೇನೆ. ರುಚಿ ಬೇಡವೇ?

ಈ ಐದು ಗ್ರಾಮಿನ ವಿಷಯವನ್ನು ಮನೆ ಓನರ್ ಆಂಟಿಗೆ ಹೇಳಿ ನೋಡಿದೆ. ಅವರಿಗೆ ಬಿ.ಪಿ. ಇದೆ. ನಾನು ಗೇಟಿನೊಳಗೆ ಕಾಲಿಡುವುದನ್ನು ಕಿಟಕಿಯಿಂದ ನೋಡಿ ಫೈಲ್ ಹಿಡಿದೇ ಇಳಿದು ಬರುತ್ತಾರೆ. "ಡಾಕ್ಟ್ರಮ್ಮ, ಸುಸ್ತಾಗಿ ಬಂದಿದ್ದೀರಿ, ತೊಂದ್ರೆ ಕೊಡಲ್ಲ, ಸುಮ್ನೆ ಒಂದ್ಸಲ ನೋಡಿಬಿಡಿ." ನೋಡಿದೆ. ಉಪ್ಪು ಕಮ್ಮಿ ಮಾಡಿ ಆಂಟಿ ಅಂದೆ. "ಅಯ್ಯೋ, ನಾವು ಉಪ್ಪೇ ತಿನ್ನಲ್ಲ" ಅಂದರು. ಹಪ್ಪಳ? ಅದು ಹಪ್ಪಳ. ಉಪ್ಪಿನಕಾಯಿ? ಅದು ನೆಂಚಿಕೊಳ್ಳಲು. ಬಾಳಕ? ಮೊಸರನ್ನಕ್ಕೆ ಬೇಕಲ್ಲ. ಅವರ ಲೆಕ್ಕದಲ್ಲಿ ಸಾರಿಗೆ ಬೀಳುವುದು ಮಾತ್ರ ಉಪ್ಪು. ಫೀಸಿನ ಬದಲು ಅವರು ಕೊಡುವುದೂ ಬಾಳಕವೇ. ಬೇಡ ಅನ್ನಲು ನನಗೆ ಬಾಯಿ ಬಂದಿಲ್ಲ. ತುಂಬ ಚೆನ್ನಾಗಿರುತ್ತದೆ.

ನಿದ್ದೆಗೆಡಿಸುವ ಈ ಡ್ಯೂಟಿಯ ಕತೆ ಚುಟುಕಾಗಿ ಹೇಳುತ್ತೇನೆ, ಜಾಸ್ತಿ ಹೇಳಿದರೆ ಗೋಳಾಗುತ್ತದೆ. ಅಡ್ಮಿಷನ್ ಡೇ, ಅಂದರೆ ಹೊಸ ರೋಗಿಗಳನ್ನು ನಮ್ಮ ಯೂನಿಟ್ಟು ಸೇರಿಸಿಕೊಳ್ಳುವ ದಿನ, ಬೆಳಗ್ಗೆ ಎಂಟಕ್ಕೆ ಶುರುವಾಗಿ ಮರುದಿನದ ರೌಂಡ್ಸ್ ಮುಗಿಯುವ ತನಕ ಎಳೆಯುತ್ತದೆ. ಕಾಗದದ ಮೇಲೆ ನಮ್ಮ ಬದುಕು ಬಹಳ ಸೊಗಸಾಗಿದೆ. ನಮ್ಮಂಥ ರೆಸಿಡೆಂಟ್ ಡಾಕ್ಟರಿಗೆ ಒಂದೇ ಸಮ 12 ಗಂಟೆ, ವಾರಕ್ಕೆ 48 ಗಂಟೆ ಮೀರಿ ಕೆಲಸ ಬೇಡ ಎಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. ಆಗ ನಾನು ಹುಟ್ಟಿರಲಿಲ್ಲ. 2023ರ ಪಿಜಿ ನಿಯಮದಲ್ಲಿ ಗಂಟೆಯ ಲೆಕ್ಕ ಬಿಟ್ಟು "ಸಮಂಜಸವಾದ" ಕೆಲಸದ ಅವಧಿ ಎಂದಿದ್ದಾರೆ. ವಾರಕ್ಕೊಂದು ರಜೆ, ತುರ್ತು ಕೆಲಸ ಇಲ್ಲದಿದ್ದರೆ. ವರ್ಷಕ್ಕೆ 20 ದಿನ ಕ್ಯಾಶುವಲ್ ಲೀವು. ಮೆಡಿಸಿನ್ ವಾರ್ಡಿನಲ್ಲಿ ತುರ್ತು ಕೆಲಸ ಇಲ್ಲದ ದಿನ ಯಾವುದು ಎಂದು ನಿಯಮ ಬರೆದವರು ಒಮ್ಮೆ ಬಂದು ತೋರಿಸಬೇಕು. ಉದ್ಯೋಗ ಮತ್ತು ಮನೆಯ ನಡುವೆ ಬ್ಯಾಲೆನ್ಸ್ ಹೇಗೆ ಅಂತ ನಮಗೊಂದು ಕ್ಲಾಸೂ ಇಟ್ಟಿದ್ದರು. ಇಟ್ಟಿದ್ದು ನಮ್ಮ ಯೂನಿಟ್ಟಿನ ಡ್ಯೂಟಿ ಮುಗಿದ ಮಧ್ಯಾಹ್ನ. ಹಾಜರಾತಿ ಕಡ್ಡಾಯ. ಉಸಿರು ಎಳೆದುಕೊಳ್ಳಿ, ಬಿಡಿ, ಕಣ್ಣು ಮುಚ್ಚಿ ಅಂದರು. ಕಣ್ಣು ಮುಚ್ಚಿದವರಲ್ಲಿ ಅರ್ಧ ಜನ ಮತ್ತೆ ತೆರೆಯಲಿಲ್ಲ. ಕ್ಲಾಸು ಯಶಸ್ವಿ.

ಗಂಡನ ಬ್ಯಾಂಕಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಹಬ್ಬಗಳ ಪಟ್ಟಿ ಜನವರಿಯಲ್ಲೇ ಫ್ರಿಜ್ಜಿನ ಮೇಲೆ ಅಂಟುತ್ತದೆ. ಅದರ ಪಕ್ಕದಲ್ಲಿ ನನ್ನ ಡ್ಯೂಟಿ ರೋಸ್ಟರ್, ಪ್ರತಿ ತಿಂಗಳು ಹೊಸದು, ಪೆನ್ನಿನಲ್ಲಿ ಹೊಡೆದು ತಿದ್ದಿದ್ದು. ಹಬ್ಬಗಳನ್ನು ನಾನು ನೆನಪಿಟ್ಟುಕೊಳ್ಳುವ ಕ್ರಮವೇ ಬೇರೆ. ಮುಂಗಾರು ಬಂತೆಂದರೆ ಹೊಲದಲ್ಲಿ ಹಾವು ಕಚ್ಚಿಸಿಕೊಂಡವರು ಬರುತ್ತಾರೆ. ಈ ಸಲದ ಭೀಮನ ಅಮಾವಾಸ್ಯೆಯಲ್ಲಿ ನಾನು ಗಂಡನ ಪಾದಪೂಜೆ ಬಿಟ್ಟು ಗಾಜಿನ ಟ್ಯೂಬೊಂದರ ಮುಂದೆ ಕೂತಿದ್ದೆ. ಕಚ್ಚಿಸಿಕೊಂಡವರ ರಕ್ತವನ್ನು ಒಣಗಿದ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡಬೇಕು. ಆಮೇಲೆ ನಿಧಾನ ವಾಲಿಸಬೇಕು. ಹೆಪ್ಪುಗಟ್ಟಿದ್ದರೆ ಸದ್ಯಕ್ಕೆ ಉಸಿರು ಬಿಡಬಹುದು, ಆದರೂ ಮೊದಲ ಮೂರು ಗಂಟೆ ಗಂಟೆಗೊಮ್ಮೆ, ಆಮೇಲೆ ಆರು ಗಂಟೆಗೊಮ್ಮೆ ಮತ್ತೆ ನೋಡಬೇಕು. ನೀರಾಗಿ ಹರಿದರೆ ವಿಷ ಏರಿದೆ, ಅದನ್ನು ಇಳಿಸುವ ಮದ್ದಾದ ಎಎಸ್‌ವಿ ಹಚ್ಚಬೇಕು. ಆ 20 ನಿಮಿಷದಲ್ಲಿ ಗಂಡ ಫೋನ್ ಮಾಡಿ "ಪೂಜೆ ಎಷ್ಟು ಹೊತ್ತಿಗೆ?" ಎಂದು ಕೇಳಿದ. ತಮಾಷೆಗೆ ಕೇಳಿದ್ದು. ವಿಡಿಯೋದಲ್ಲಿ ಕಾಲು ತೋರಿಸು, ಇಲ್ಲಿಂದಲೇ ಮುಗಿಸುತ್ತೇನೆ ಎಂದೆ. ನಿಜವಾಗಿಯೂ ತೋರಿಸಿದ, ಸಾಕ್ಸಿನ ಸಮೇತ.

ನಾವಿಬ್ಬರೂ ಎಚ್ಚರವಾಗಿ ಮನೆಯಲ್ಲಿರುವ ಹೊತ್ತು ಕಮ್ಮಿ. ಅವನು ಸಂಜೆ ಬರುವಾಗ ನಾನು ನಿದ್ದೆ. ಬೆಳಗ್ಗೆ ನಾನು ಹೊರಡುವಾಗ ಅವನು ಹಲ್ಲುಜ್ಜುತ್ತಾ ಏನೋ ಹೇಳುತ್ತಾನೆ, ಅರ್ಥವಾಗುವುದಿಲ್ಲ, ಹೂಂ ಅನ್ನುತ್ತೇನೆ. ಹಾಗೆ ಹೂಂ ಅಂದದ್ದರಿಂದಲೇ ನಮ್ಮ ಮನೆಗೆ ಒಂದು ಟ್ರೆಡ್‌ಮಿಲ್ ಬಂತು. ಈಗ ಅದರ ಮೇಲೆ ಬಟ್ಟೆ ಒಣಗುತ್ತವೆ. ನಮ್ಮಿಬ್ಬರ ಮಾತುಕತೆ ಜಾಸ್ತಿ ನಡೆಯುವುದು ಪಾತ್ರೆಗಳ ಮೂಲಕ. ಸಾರಿನ ಪಾತ್ರೆ ತೊಳೆದು ಬೋರಲು ಹಾಕಿದ್ದರೆ ಚೆನ್ನಾಗಿತ್ತು ಎಂದರ್ಥ. ಅರ್ಧ ಉಳಿಸಿ ಫ್ರಿಜ್ಜಿಗಿಟ್ಟಿದ್ದರೆ ದಾರಿಯಲ್ಲಿ ಮಸಾಲೆಪುರಿ ತಿಂದು ಬಂದಿದ್ದಾನೆ. ಕೇಳಿದರೆ ಒಪ್ಪುವುದಿಲ್ಲ. ನನಗೆ ಹಿಸ್ಟರಿ ತೆಗೆಯುವುದನ್ನು, ಅಂದರೆ ರೋಗಿಯ ಬಾಯಿಂದ ಹಿಂದಿನ ಕತೆ ಹೊರಡಿಸುವುದನ್ನು, ಕಲಿಸಿದ್ದಾರೆ, ಎರಡು ಪ್ರಶ್ನೆಗೆ ಸಿಕ್ಕಿಬೀಳುತ್ತಾನೆ.

ಒಟ್ಟಿಗೆ ಕೂತು ಉಣ್ಣುವ ದಿನ ಬೇಕೆಂದರೆ ಡ್ಯೂಟಿ ವ್ಯಾಪಾರಕ್ಕಿಳಿಯಬೇಕು. ಇದು ಪಿಜಿಗಳ ನಡುವಿನ ಷೇರು ಮಾರುಕಟ್ಟೆ. ಮಾಮೂಲು ಮಂಗಳವಾರಕ್ಕೆ ಬೆಲೆಯಿಲ್ಲ. ಭಾನುವಾರಕ್ಕೆ ಎರಡು ಮಾಮೂಲು ದಿನ. ಹಬ್ಬದ ಡ್ಯೂಟಿಗೆ ಬಾಯಿಗೆ ಬಂದ ರೇಟು. ಮೊನ್ನೆ ನನ್ನ ಜೊತೆಯ ಪಿಜಿಯೊಬ್ಬ, ಮನೆಯಲ್ಲಿ ಮೊದಲ ವರ್ಷದ ಗಣಪತಿ ಕೂರಿಸುವವನು, ಕೈಮುಗಿದು ಬಂದ. ಗೌರಿ ಗಣೇಶ ಎರಡೂ ದಿನ ನೀನು ನೋಡಿಕೊಂಡರೆ ಅಕ್ಟೋಬರಿನ ಎರಡನೇ ಶನಿವಾರ, ಭಾನುವಾರ, ಜೊತೆಗೆ ನಾಲ್ಕನೇ ಶನಿವಾರವನ್ನೂ ಬರೆದುಕೊಡುತ್ತೇನೆ ಎಂದ. ಎರಡಕ್ಕೆ ಮೂರು, ಅದೂ ಬ್ಯಾಂಕಿನ ರಜೆಗೆ ಸರಿಯಾಗಿ. ಇಂಥ ವ್ಯಾಪಾರ ಮತ್ತೆ ಸಿಗುತ್ತದೆಯೇ? ಕ್ಯಾಂಟೀನಿನ ಬಿಲ್ಲಿನ ಹಿಂದೆ ಬರೆಸಿ ಸಹಿ ಹಾಕಿಸಿಕೊಂಡೆ. ಹೊರಗೆ ಬಂದ ಮೇಲೆ ನೆನಪಾಯಿತು, ಗೌರಿ ಹಬ್ಬಕ್ಕೆ ಅತ್ತೆ ಬರುತ್ತಿದ್ದಾರೆ. ಟಿಕೆಟ್ಟೂ ಆಗಿದೆ.

ಗಂಡನಿಗೆ ಇನ್ನೂ ಹೇಳಿಲ್ಲ. ಹಲ್ಲುಜ್ಜುವಾಗ ಹೇಳೋಣ ಅಂತಿದ್ದೇನೆ.