ಶಿಫ್ಟ್ ಒತ್ತಿದರೆ ಷಡ್ಡಕ ಪ್ರತ್ಯಕ್ಷ

ಫೋಟೋಶಾಪ್ ತಂತ್ರಾಂಶ ತಯಾರಿಸಿದವರು ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಂದೂ ಕೆಲಸ ಮಾಡಿರಲಿಕ್ಕಿಲ್ಲ. ಇಲ್ಲದಿದ್ದರೆ ಚಿತ್ರದ ಬೇಡದ ಭಾಗವನ್ನು ಅಳಿಸದೆ ಮರೆಮಾಡುವ ಲೇಯರ್ ಮಾಸ್ಕಿಗೆ ಇಂಥ ಶಾರ್ಟ್‌ಕಟ್‌ಗಳನ್ನು ಇಡುತ್ತಿರಲಿಲ್ಲ. ತೆರೆಯ ಮೇಲೆ ಆ ಮಾಸ್ಕ್ ಎಂದರೆ ಉಗುರಿನಷ್ಟು ಅಗಲದ ಚೌಕ. ಅದರ ಮೇಲೆ ಆಲ್ಟ್ ಹಿಡಿದು ಕ್ಲಿಕ್ ಮಾಡಿದರೆ ಚಿತ್ರ ಮಾಯವಾಗಿ ಕಪ್ಪು-ಬಿಳುಪು ಮಾಸ್ಕ್ ಒಂದೇ ಉಳಿಯುತ್ತದೆ. ಕಂಟ್ರೋಲ್ ಹಿಡಿದರೆ ಸೆಲೆಕ್ಷನ್. ಶಿಫ್ಟ್ ಹಿಡಿದರಂತೂ ಮಾಸ್ಕಿನ ಮೇಲೆ ಕೆಂಪು ಇಂಟು ಗುರುತು ಬಿದ್ದು, ಕಷ್ಟಪಟ್ಟು ಮರೆಮಾಡಿದ್ದೆಲ್ಲ ಎದ್ದು ಬರುತ್ತದೆ. ಒಬ್ಬರೇ ಕುಳಿತು ಮಾಡುವಾಗ ಇದೆಲ್ಲ ವರ. ಆದರೆ ರಾಯಚೂರಿನ ಫ್ಲೆಕ್ಸ್ ಅಂಗಡಿಯಲ್ಲಿ ಒಬ್ಬರೇ ಕೂರುವುದು ಎಲ್ಲಿಂದ ಬಂತು?

ಮೊನ್ನೆ ಬಂದ ಸಾಹುಕಾರರದು ಗೃಹಪ್ರವೇಶದ ಬ್ಯಾನರ್. ಫೋಟೋದಲ್ಲಿ ಅವರ ಭುಜದ ಮೇಲೆ ಕೈಯಿಟ್ಟು ನಿಂತ ಷಡ್ಡಕರು ಬೇಡವಂತೆ. ನಾನು ಕಾರಣ ಕೇಳಲಿಲ್ಲ, ಅವರು ಹೇಳದೆ ಬಿಡಲಿಲ್ಲ: ಸೈಟಿನ ಹಣ. ಮಾಸ್ಕಿನಲ್ಲಿ ಕಪ್ಪು ಬಳಿದರೆ ಮರೆ, ಬಿಳಿ ಬಳಿದರೆ ಮತ್ತೆ ಪ್ರತ್ಯಕ್ಷ. ಕಪ್ಪು ಬ್ರಷ್ ಹಿಡಿದು ಷಡ್ಡಕರನ್ನು ಉಜ್ಜಿದೆ. ಎಕ್ಸ್ ಒತ್ತಿ ಬಿಳಿಗೆ ಬಂದು ಸಾಹುಕಾರರ ಕಿವಿಯ ಅಂಚು ಸರಿಮಾಡಿದೆ. ಎಲ್ಲೆಲ್ಲಿ ಮುಚ್ಚಿದೆ ಎಂದು ನೋಡಲು ಬ್ಯಾಕ್‌ಸ್ಲ್ಯಾಷ್ ಒತ್ತಿದೆ. ಮುಚ್ಚಿದ ಜಾಗವೆಲ್ಲ ಕೆಂಪಾಯಿತು.

“ಶಿವಶಿವಾ! ಶುಭಕಾರ್ಯಕ್ಕೆ ರಕ್ತ ಯಾಕೆ ತಮ್ಮಾ?”

ಸಮಾಧಾನ ಮಾಡಿ, ಮೊದಲು ಹೇಗಿತ್ತು ಎಂದು ತೋರಿಸೋಣವೆಂದು ಶಿಫ್ಟ್ ಹಿಡಿದು ಕ್ಲಿಕ್ ಮಾಡಿದೆ. ಷಡ್ಡಕರು ಹಾಜರ್. ಸಾಹುಕಾರರು ಕುರ್ಚಿಯಿಂದಲೇ ಎದ್ದರು. ಮತ್ತೆ ಕ್ಲಿಕ್, ಷಡ್ಡಕರು ಗಾಯಬ್.

“ಇನ್ನೊಮ್ಮೆ.”

ತೋರಿಸಿದೆ.

“ಹೋಗು ಅನ್ನುತ್ತೇನೆ, ಆಗ ಒತ್ತಿರಿ.”

ಅವರು “ಹೋಗು” ಎಂದರೆ ಷಡ್ಡಕರು ಹೋಗಬೇಕು, “ಬಾ” ಎಂದರೆ ಬರಬೇಕು. ಆಚೆ ಬೈಕಿನ ಮೇಲಿದ್ದ ಅಳಿಯನನ್ನು ಕರೆದು ತೋರಿಸಿದರು. ಚಹಾ ತಂದ ಹುಡುಗನಿಗೂ ಪ್ರದರ್ಶನವಾಯಿತು. ಮನೆಯವರಿಗೆ ವಿಡಿಯೋ ಕಾಲ್ ಹಚ್ಚಿದರು. ಆ ತಾಯಿ ತೆರೆಯ ಮೇಲೆ ತನ್ನ ತಂಗಿಯ ಗಂಡ ಬಂದು ಹೋಗುವುದನ್ನು ಕಂಡು ಏನೂ ಮಾತಾಡದೆ ಕಾಲ್ ಕಟ್ ಮಾಡಿದರು. ಕೊನೆಗೆ “ಶಿಫ್ಟ್ ನೀವು ಹಿಡಿಯಿರಿ, ಕ್ಲಿಕ್ ನಾನು” ಎಂದು ಮೌಸಿಗೇ ಕೈ ಹಾಕಿದರು. ನನ್ನ ಮೂರು ಬ್ಯಾನರುಗಳು ಸರತಿಯಲ್ಲಿ ಒಣಗುತ್ತಿದ್ದವು.

ಕಾಪಾಡಿದ್ದು ಕರೆಂಟು, ಹೋಯಿತು. ಪಕ್ಕದ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರವಿದೆ, ನಮಗೆ ಬೂದಿ ಮತ್ತು ಬಿಸಿಲು ಸಿಗುತ್ತವೆ. ಯುಪಿಎಸ್ ಕೂಗುವಷ್ಟರಲ್ಲಿ ಕಂಟ್ರೋಲ್ ಎಸ್ ಒತ್ತಿದೆ.

ಅವರು ಹೋದ ಮೇಲೆ ಉಳಿದದ್ದು ಬೆರಳುಗಳ ಕೆಲಸ. ಭುಜದ ಮೇಲಿನ ನಾಲ್ಕು ಬೆರಳು ಮರೆಮಾಡಿದರೆ ಅಂಗಿಗೆ ತೂತು. ಇನ್ನೊಂದು ಭುಜದಿಂದ ಬಟ್ಟೆ ನಕಲು ಮಾಡಿ ಕೆಳಗಿನ ಲೇಯರಿನಲ್ಲಿ ತೇಪೆ ಹಾಕಬೇಕು. ಬ್ರಾಕೆಟ್ ಕೀಲಿ ಒತ್ತಿ ಬ್ರಷ್ ಕಿರಿದು ಮಾಡುತ್ತಾ ಹತ್ತಿರದಿಂದ ನೋಡಿದೆ. ಬೆರಳುಗಳು ಅಂಗಿಯನ್ನು ಸ್ವಲ್ಪ ಹಿಡಿದು ಎಳೆದಿದ್ದವು. ಏನೋ ಚೇಷ್ಟೆಯ ಮಾತಿಗೆ ಇಬ್ಬರೂ ಬಾಯ್ತುಂಬ ನಕ್ಕಿದ್ದರು. ಆ ನಗು ಕ್ಯಾಮೆರಾಕ್ಕೆಂದು ನಕ್ಕದ್ದಲ್ಲ. ಸಾಹುಕಾರರ ಪಾಲಿನ ಅರ್ಧ ನಗು ಮಾತ್ರ ಬ್ಯಾನರಿಗೆ ಹೋಯಿತು, ಪಕ್ಕದಲ್ಲಿ ಖಾಲಿ ಜಾಗ ಕಾಣದಂತೆ ಪೂರ್ಣಕುಂಭ ಇಟ್ಟೆ.

ಜೆಪಿಜಿ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ರಾತ್ರಿ ಊಟಕ್ಕೆ ಕುಳಿತಾಗ ಸಾಹುಕಾರರ ಫೋನ್.

“ತಮ್ಮಾ, ಮನೆಯಲ್ಲಿ ಭಾಳ ಬೇಜಾರಾಗಿದ್ದಾರೆ. ಅವನನ್ನು ಮತ್ತೆ ತರಬೇಕು.”

“ಆಗಲಿ, ಬೆಳಿಗ್ಗೆ ತರುತ್ತೇನೆ.”

“ನೀವು ಯಾಕೆ ತ್ರಾಸು ತೆಗೆದುಕೊಳ್ಳುತ್ತೀರಿ, ನಾನೇ ಒತ್ತುತ್ತೇನೆ. ಈ ಮೊಬೈಲಿನಲ್ಲಿ ಶಿಫ್ಟ್ ಎಲ್ಲಿದೆ ಹೇಳಿ.”