ಹಳೆ ಪ್ಲಗ್ ವಾಪಸ್ ಕೇಳಿ ತಗೊಳ್ಳಿ

ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ಬದಲಿಸಿದಾಗ "ಹಳೆಯದು ಎಲ್ಲಿ, ಕೊಡಿ" ಅಂತ ಕೇಳುವವರು ನಮ್ಮಲ್ಲಿ ಎಷ್ಟು ಜನ? ನಾನೂ ಕೇಳ್ತಿರಲಿಲ್ಲ. ಈಗ ಕೇಳದೆ ಬರಲ್ಲ.

ನಮ್ಮದು 1997ರ ಮಾರುತಿ ಓಮ್ನಿ. ಕಾರ್ಬುರೇಟರ್ ಗಾಡಿ, 796 ಸಿಸಿ, ಮೂರು ಸಿಲಿಂಡರ್. ಹಿಂದಿನ ಸೀಟು ತೆಗೆದು ಇಂಡಿ ಕಡೆಯ ತೋಟದಿಂದ ವಿಜಯಪುರಕ್ಕೆ ಲಿಂಬಿ ಚೀಲ ಹೊರುವುದೇ ಅದರ ಕೆಲಸ. ನಮ್ಮ ಮನೆಗೆ ಅದೇ ಲಾರಿ. ಬೇಸಿಗೆಯಲ್ಲಿ ಮಿಸ್ ಹೊಡೆಯೋಕೆ ಶುರುವಾಯಿತು. ಲೋಡ್ ಇದ್ದರೆ ಪಿಕಪ್ ಇಲ್ಲ, ಆವರೇಜ್ ಬಿದ್ದುಹೋಯಿತು. ಒಂದು ಗ್ಯಾರೇಜಿಗೆ ಒಯ್ದೆ. ಮೂರೂ ಪ್ಲಗ್ ಹೊಸದು ಹಾಕಿದರು, ಹಳೆಯವನ್ನು ನೋಡದೆ ಡಬ್ಬಿಗೆ ಎಸೆದರು. ಗಾಡಿ ಚೆನ್ನಾಗಿಯೇ ಓಡಿತು. ಎರಡು ತಿಂಗಳಿಗೆ ಮತ್ತೆ ಅದೇ ಹಾಡು. ಮತ್ತೆ ಮೂರು ಪ್ಲಗ್.

ಮೂರನೇ ಸಲ ನಮ್ಮ ಮಾವನ ಹತ್ತಿರ ಹೋದೆ. ಜೀವನವೆಲ್ಲ ಪೆಟ್ರೋಲ್ ಗಾಡಿ ಬಿಚ್ಚಿದ ಮಿಸ್ತ್ರಿ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೆ, ನಾನು ಆ ಸೀಟು ಎತ್ತಿ ಪಾನಾ ಹಿಡಿದೆ. "ತಡಿ ತಮ್ಮಾ, ಎಂಜಿನ್ ಆರಲಿ" ಅಂದ್ರು. ಪ್ಲಗ್ ಕೂರುವ ಹೆಡ್ ಅಲ್ಯೂಮಿನಿಯಂದು, ಬಿಸಿ ಇದ್ದಾಗ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು. ಆಮೇಲೆ ಸೈಕಲ್ ಪಂಪ್ ತಂದು ಪ್ಲಗ್ ಸುತ್ತಲಿನ ಧೂಳು ಊದಿದರು. ನಮ್ಮ ಎರೆ ಮಣ್ಣಿನ ಧೂಳು ಗೊತ್ತಲ್ವಾ? ಹಾಗೇ ಬಿಚ್ಚಿದರೆ ಅದು ಸೀದಾ ಸಿಲಿಂಡರ್ ಒಳಗೆ ಬೀಳುತ್ತೆ. ವೈರ್ ಜಗ್ಗಲಿಲ್ಲ, ಕ್ಯಾಪ್ ಹಿಡಿದು ಎಳೆದರು. ಒಂದೊಂದೇ ಪ್ಲಗ್ ತೆಗೆದು ಪೇಪರ್ ಮೇಲೆ ಸಾಲಾಗಿ ಇಟ್ಟು, ಪಕ್ಕದಲ್ಲಿ ಪೆನ್ಸಿಲ್‌ನಿಂದ 1, 2, 3 ಅಂತ ಬರೆದರು. ಯಾವ ಪ್ಲಗ್ ಯಾವ ಸಿಲಿಂಡರಿನದು ಅನ್ನೋದು ತಪ್ಪಿದರೆ ನೋಡಿ ಪ್ರಯೋಜನ ಇಲ್ಲ.

ಒಂದು ಮತ್ತು ಮೂರು ಒಣ ಕಪ್ಪು. ಬೆರಳು ಮುಟ್ಟಿಸಿದರೆ ರೊಟ್ಟಿ ಹಂಚಿನ ಹಿಂದಿನ ಮಸಿ ಹಾಗೆ ಅಂಟಿತು. ಎರಡನೆಯದೂ ಕಪ್ಪೇ, ಆದರೆ ಹಸಿ. ಬಿಸಿಲಿಗೆ ಹಿಡಿದರೆ ಹೊಳೀತಿತ್ತು. ಒರೆಸಿದರೆ ಬೆರಳಿಗೆ ಜಿಡ್ಡು. ಮೂರನ್ನೂ ಡಬ್ಬಿಗೆ ಎಸೆದಿದ್ದರೆ ಈ ವ್ಯತ್ಯಾಸ ಯಾರಿಗೆ ಕಾಣಬೇಕಿತ್ತು?

ಒಣ ಮಸಿ ಅಂದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಮಾವ ಏರ್ ಫಿಲ್ಟರ್ ತೆಗೆದು ನೆಲಕ್ಕೆ ತಟ್ಟಿದರು, ಒಂದು ಹಿಡಿ ಕರಿ ಧೂಳು ಬಿತ್ತು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡೋಕೆ ಗಾಳಿ ತಡೆಯುವ ಚೋಕ್ ಕೂಡ ಪೂರ್ತಿ ವಾಪಸ್ ಬರ್ತಿರಲಿಲ್ಲ. ಹಸಿ ಜಿಡ್ಡು ಅಂದರೆ ಆ ಸಿಲಿಂಡರಿಗೆ ಎಂಜಿನ್ ಆಯಿಲ್ ಇಳೀತಿದೆ. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿರಬಹುದು, ಇಲ್ಲವೇ ವಾಲ್ವ್ ಹತ್ತಿರ ಆಯಿಲ್ ತಡೆಯುವ ಸೀಲ್ ಹೋಗಿರಬಹುದು. ಗೇಜ್ ಹಾಕಿ ನೋಡಿದರೆ ಮೂರು ಸಿಲಿಂಡರಿನ ಕಂಪ್ರೆಷನ್ನೂ (ಒಳಗಿನ ಒತ್ತಡ) ಹೆಚ್ಚುಕಡಿಮೆ ಒಂದೇ, ರಿಂಗ್ ಸವೆದಿದ್ದರೆ ಎರಡನೆಯದರಲ್ಲಿ ಕಡಿಮೆ ಬರ್ತಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ. ಹಾಗಾಗಿ ಸೀಲ್ ಅಂತ ತೀರ್ಮಾನ ಆಯಿತು. ನಾಲ್ಕು ತಿಂಗಳಲ್ಲಿ ಹಾಕಿದ ಆರು ಹೊಸ ಪ್ಲಗ್ ಇದರಲ್ಲಿ ಯಾವುದನ್ನೂ ಸರಿಮಾಡುವಂತಿರಲಿಲ್ಲ.

ಬಿಳಿ ಸುಣ್ಣದ ಹಾಗೆ ಸುಟ್ಟ ಪ್ಲಗ್ ಕಂಡರೆ ಇನ್ನೂ ಜಾಸ್ತಿ ಹುಷಾರಾಗಿರಬೇಕು. ಎಂಜಿನ್ ಅತಿಯಾಗಿ ಕಾಯ್ತಿದೆ, ಇಲ್ಲವೇ ಪೆಟ್ರೋಲ್ ಸಾಲ್ತಿಲ್ಲ, ಇಲ್ಲವೇ ಪ್ಲಗ್ಗಿನ ಹೀಟ್ ರೇಂಜ್, ಅಂದರೆ ಅದು ಬಿಸಿಯನ್ನು ಹೊರಗೆ ಬಿಡುವ ಪ್ರಮಾಣ, ಈ ಎಂಜಿನ್ನಿಗೆ ತಪ್ಪು. ತೆಳು ಕಂದು ಬಣ್ಣ ಇದ್ದರೆ ಆರೋಗ್ಯ. ಹಳೆ ಮಿಸ್ತ್ರಿಗಳು ಹೇಳುವ ಗಾಢ ಕಂದು ಈಗ ಅಷ್ಟು ಸಿಗಲ್ಲ. ಆ ಲೆಕ್ಕ ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು, ಅದು 2000ದಲ್ಲಿ ದೇಶದಲ್ಲೆಲ್ಲ ನಿಂತಿತು. ಇನ್ನೊಂದು ವಿಷಯ, ಹದಿನೈದು ನಿಮಿಷ ನಿಂತಲ್ಲೇ ಐಡಲ್ ಓಡಿಸಿ ಪ್ಲಗ್ ನೋಡಬೇಡಿ, ಎಲ್ಲ ಕಪ್ಪಾಗೇ ಕಾಣುತ್ತೆ. ಲೋಡ್ ಮೇಲೆ ಓಡಿಸಿ, ತಕ್ಷಣ ಆಫ್ ಮಾಡಿ, ಆರಿದ ಮೇಲೆ ತೆಗೀಬೇಕು.

ಸುಮ್ನೆ ಸವೆದ ಪ್ಲಗ್ ಬೇರೆ ಥರ ಇರುತ್ತೆ. ನಡುವಿನ ಕಡ್ಡಿಯ ಅಂಚು ಹೋಗಿ ದುಂಡಗಾಗಿರುತ್ತೆ, ಕಿಡಿ ಹಾರುವ ಗ್ಯಾಪ್ ಹಿಗ್ಗಿರುತ್ತೆ. ನಮ್ಮ ಗಾಡಿಗೆ 0.7ರಿಂದ 0.8 ಮಿ.ಮೀ. ಬೇಕು. ಅಪ್ಪ ಯಾವಾಗಲೋ ತೆಗೆದಿಟ್ಟಿದ್ದ ಒಂದು ಪ್ಲಗ್ ಅಳೆದರೆ 1.1 ಬಂತು. ಅಷ್ಟು ದೂರ ಕಿಡಿ ಹಾರಿಸೋಕೆ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಒದ್ದಾಡುತ್ತೆ. ಇದನ್ನು ಬದಲಿಸಲೇಬೇಕು, ಇಲ್ಲಿ ಜಿಪುಣತನ ಬೇಡ. ಗ್ಯಾಪ್ ಸರಿಮಾಡುವಾಗ ಹೊರಗಿನ ಕೊಂಡಿಯನ್ನು ಮಾತ್ರ ಬಗ್ಗಿಸಿ. ನಡುವಿನದನ್ನು ಒತ್ತಿದರೆ ಬಿಳಿ ಪಿಂಗಾಣಿ ಬಿರುಕು ಬಿಡುತ್ತೆ.

ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಬೇಕು. ಹೊಸ ವಾಷರ್ ಇದ್ದರೆ ಕೈಗೆ ಬಿಗಿಯಾದ ಮೇಲೆ ಪಾನಾದಿಂದ ಅರ್ಧ ಸುತ್ತು, ಹೆಚ್ಚೆಂದರೆ ಅದಕ್ಕಿಂತ ಚೂರು ಜಾಸ್ತಿ. ಮೈಮೇಲೆ ಬಿದ್ದು ಬಿಗಿ ಮಾಡುವ ಹುಡುಗರನ್ನು ಕಂಡರೆ ನನಗೆ ಈಗ ಸಂಕಟ ಆಗುತ್ತೆ.

ಸೀಲ್ ಬದಲಿಸಿ, ಫಿಲ್ಟರ್ ಹೊಸದು ಹಾಕಿ, ಚೋಕ್ ಕೇಬಲ್ ಸರಿಮಾಡಿ ಒಂದೂವರೆ ತಿಂಗಳಾಯಿತು. ಮೊನ್ನೆ ಲಿಂಬಿ ಇಳಿಸಿದ ಮೇಲೆ ಮೂರೂ ಪ್ಲಗ್ ತೆಗೆದೆ. ಒಂದು, ಮೂರು ತೆಳು ಕಂದು. ಎರಡನೆಯದು ಒಣಗಿದೆ, ಆದರೆ ಥ್ರೆಡ್ಡಿನ ಹತ್ತಿರ ಇನ್ನೂ ಸ್ವಲ್ಪ ಎಣ್ಣೆ ಪಸೆ ಕಾಣುತ್ತೆ. ಫೋಟೊ ತೆಗೆದು ಮಾವನಿಗೆ ಕಳಿಸಿದೆ. "ಒರೆಸಿ ಹಾಕು, ಸಾವಿರ ಕಿಲೋಮೀಟರ್ ಓಡಿಸಿ ಮತ್ತ ತೋರಿಸು" ಅಂದಿದ್ದಾರೆ.