ತರಲಾಗದ ಕಾರಿಗೆ ಮುಂಗಡ ಪಡೆದವರ ಬಗ್ಗೆ

ಜಪಾನಿನಿಂದ ಹಳೆಯ ಫೋರ್ ವೀಲ್ ಡ್ರೈವ್ ಸ್ಟೇಷನ್ ವ್ಯಾಗನ್ ತರಿಸಿಕೊಡುತ್ತೇನೆಂದು ಮೈಸೂರಿನ ಏಜೆಂಟರೊಬ್ಬರು ನಮ್ಮಿಂದ ಒಂದೂವರೆ ಲಕ್ಷ ರೂಪಾಯಿ ಮುಂಗಡ ಪಡೆದು ಏಳು ತಿಂಗಳಾಯಿತು. ಆ ಕಾರು ಬಂದಿಲ್ಲ, ಬರುವುದೂ ಇಲ್ಲ, ಕಾನೂನಿನ ಪ್ರಕಾರ ಬರಲು ಸಾಧ್ಯವೇ ಇರಲಿಲ್ಲ. ಇದು ಅವರಿಗೆ ಮೊದಲ ದಿನವೇ ಗೊತ್ತಿತ್ತು ಎಂಬುದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಮ್ಮ ಮನೆ ಇರುವುದು ಮದ್ದೂರು ತಾಲ್ಲೂಕಿನ ಗದ್ದೆಬಯಲಿನಲ್ಲಿ. ಡಾಂಬರು ರಸ್ತೆ ಬಿಟ್ಟ ಮೇಲೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ ನಾಲೆ ಏರಿಯ ಮೇಲೆಯೇ ಬರಬೇಕು. ಮಳೆ ಹಿಡಿದಾಗ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿದರೆ ಅಲ್ಲಿನ ಮಣ್ಣು ಕಲಸಿದ ಹಿಟ್ಟಿನಂತಾಗಿ, ಸಾಮಾನ್ಯ ಕಾರಿನ ಚಕ್ರ ನಾಲೆಯ ಕಡೆಗೇ ಜಾರುತ್ತದೆ. ಜೀಪು ಕೊಳ್ಳಬಹುದಿತ್ತಲ್ಲ ಎಂದು ಹೇಳುವವರಿದ್ದಾರೆ. ನಮ್ಮ ತಂದೆಯವರ ಎರಡೂ ಮಂಡಿಗಳು ಸವೆದಿವೆ. ಪಕ್ಕದ ಮನೆಯವರ ಜೀಪಿಗೆ ಅವರನ್ನು ಹತ್ತಿಸಬೇಕಾದರೆ ಒಬ್ಬರು ಒಳಗಿನಿಂದ ಕೈ ಹಿಡಿದು ಎಳೆಯಬೇಕು, ಇನ್ನೊಬ್ಬರು ಕೆಳಗಿನಿಂದ ಸೊಂಟಕ್ಕೆ ಆಸರೆ ಕೊಡಬೇಕು. ಅಷ್ಟು ಹೊತ್ತೂ ಅವರು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಾರೆ. ಕಾರಿನಷ್ಟೇ ತಗ್ಗಾದ ಸೀಟು, ನಾಲ್ಕೂ ಚಕ್ರಗಳಿಗೆ ಎಳೆತ, ಹಿಂದೆ ಪಂಪ್‌ಸೆಟ್ ಮೋಟಾರು ಇಡುವಷ್ಟು ಜಾಗ, ಈ ಮೂರೂ ಒಂದೇ ಗಾಡಿಯಲ್ಲಿ ಸಿಗುವುದು ಜಪಾನಿನ ವ್ಯಾಗನ್‌ಗಳಲ್ಲಿ. ಸುಬಾರು ಕಂಪನಿ 1972ರಲ್ಲೇ ಲಿಯೋನ್ ಮಾದರಿಯಲ್ಲಿ ಇಂಥದ್ದನ್ನು ತಂದಿತ್ತು. 1982ರಲ್ಲಿ ಟೊಯೋಟಾದ ಸ್ಪ್ರಿಂಟರ್ ಕ್ಯಾರಿಬ್, 1989ರಲ್ಲಿ ಸುಬಾರು ಲೆಗಸಿ ಬಂದವು. ಸುಬಾರು ಫಾರೆಸ್ಟರ್ ನಮ್ಮ ದೇಶದಲ್ಲೂ ಷೆವರ್ಲೆ ಹೆಸರಿನಲ್ಲಿ ಕೆಲವು ವರ್ಷ ಮಾರಾಟವಾಗಿತ್ತು, ಆದರೆ ಷೆವರ್ಲೆ 2017ರಲ್ಲಿ ಇಲ್ಲಿನ ಮಾರಾಟವನ್ನೇ ನಿಲ್ಲಿಸಿದ ಮೇಲೆ ಅದರ ಬಿಡಿಭಾಗಗಳನ್ನು ನಂಬಿ ಕೊಳ್ಳುವ ಧೈರ್ಯ ನನಗೆ ಬರಲಿಲ್ಲ.

ಏಜೆಂಟರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು, ಅದಕ್ಕೇ ನಾನು ನಂಬಿದೆ. ಜಪಾನಿನಲ್ಲೂ ರಸ್ತೆಯ ಎಡಬದಿಯಲ್ಲೇ ಓಡಿಸುತ್ತಾರೆ, ಸ್ಟೇರಿಂಗ್ ನಮ್ಮಂತೆಯೇ ಬಲಕ್ಕಿರುತ್ತದೆ. ಅಲ್ಲಿ ಎರಡು ವರ್ಷಕ್ಕೊಮ್ಮೆ ಶಾಕೆನ್ ಎಂಬ ದುಬಾರಿ ತಪಾಸಣೆ ಇದೆ, 13 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ತೆರಿಗೆಯೂ ಏರುತ್ತದೆ. ಹೀಗಾಗಿ ಮಾಲೀಕರು ಬೇಗನೆ ಮಾರಿಬಿಡುವುದರಿಂದ ಗಟ್ಟಿಮುಟ್ಟಾದ ಕಾರುಗಳೇ ಹರಾಜಿಗೆ ಬರುತ್ತವೆ ಎಂದು ಅವರು ವಿವರಿಸಿದರು. ಒಂದು ಲೆಗಸಿಯ ಹರಾಜು ಚೀಟಿಯನ್ನೂ, ಅಂದರೆ ಹರಾಜಿಗೆ ಬಂದ ಕಾರಿನ ಸ್ಥಿತಿಯನ್ನು ಬರೆದ ಹಾಳೆಯನ್ನೂ, ತೋರಿಸಿದರು. ಕಾರಿನ ರೇಖಾಚಿತ್ರದ ಮೇಲೆ ಬಲ ಬಾಗಿಲಿನ ಬಳಿ ಎ1, ಹಿಂದಿನ ಬಂಪರಿನ ಬಳಿ ಯು1 ಎಂದು ಬರೆದಿತ್ತು. ಎ ಎಂದರೆ ಗೀರು, ಯು ಎಂದರೆ ತಗ್ಗು, ಎಸ್ ಎಂದಿದ್ದರೆ ತುಕ್ಕು ಎಂದು ಕಲಿಸಿಕೊಟ್ಟವರೂ ಅವರೇ. ತಯಾರಾದ ವರ್ಷ 1996 ಎಂಬುದಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ‘ಈ ವರ್ಷದ ಮಾಲು ತುಂಬ ಗಟ್ಟಿ ಸಾರ್, ಪೇಪರ್ ಕೆಲಸ ಎಲ್ಲಾ ನಮಗೆ ಬಿಡಿ’ ಎಂದರು.

ಆ ಕೆಂಪು ಸುತ್ತಿನೊಳಗೇ ಎಲ್ಲವೂ ಇತ್ತು. ತಯಾರಾಗಿ ಮೂರು ವರ್ಷ ದಾಟಿದ ಸೆಕೆಂಡ್ ಹ್ಯಾಂಡ್ ಕಾರನ್ನು ಭಾರತಕ್ಕೆ ಆಮದು ಮಾಡಿಕೊಳ್ಳುವಂತಿಲ್ಲ. ಆ ವಯಸ್ಸಿನೊಳಗಿನದನ್ನು ತಂದರೂ ಮುಂಬೈ ಬಂದರಿನ ಮೂಲಕವೇ ತರಬೇಕು, ತಪಾಸಣಾ ಸಂಸ್ಥೆಯ ಪ್ರಮಾಣಪತ್ರ ಬೇಕು. ಸುಂಕವಂತೂ ಕಾರಿನ ಬೆಲೆಯನ್ನೇ ಮೀರುತ್ತದೆ, ಮೂಲ ಸುಂಕವೇ ಹಲವು ವರ್ಷ ಶೇ. 125 ಇತ್ತು. ಅಮೆರಿಕದಲ್ಲಿ 25 ವರ್ಷ ತುಂಬಿದ ಕಾರನ್ನು, ಕೆನಡಾದಲ್ಲಿ 15 ವರ್ಷ ತುಂಬಿದ್ದನ್ನು ತರಿಸಿಕೊಳ್ಳಬಹುದು. ನಮ್ಮ ನಿಯಮ ಬೇರೆ, ಅದು ಸರಿಯೋ ತಪ್ಪೋ ಎಂಬುದು ಪ್ರತ್ಯೇಕ ಚರ್ಚೆ. ಆದರೆ ಆಮದು ವ್ಯವಹಾರವನ್ನೇ ಕಸುಬಾಗಿ ಮಾಡಿಕೊಂಡಿರುವವರಿಗೆ ಈ ಒಂದು ಸಾಲಿನ ನಿಯಮ ಗೊತ್ತಿರಲಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಹಡಗು ತಡವಾಗಿದೆ, ಬಂದರಿನಲ್ಲಿ ದಟ್ಟಣೆ ಇದೆ, ಕಾಗದ ಸಹಿಗೆ ಹೋಗಿದೆ ಎಂದು ತಿಂಗಳುಗಟ್ಟಲೆ ಹೇಳಿದರಲ್ಲ, ಯಾವ ಹಡಗಿಗೂ ಏರದ ಕಾರಿನ ಬಗ್ಗೆ ಆ ಮಾತುಗಳನ್ನು ಯಾವ ಬಾಯಿಂದ ಹೇಳಿದರು?

ನಿಯಮವನ್ನು ಓದಿಕೊಂಡು ಹೋಗಿ ಕೇಳಿದಾಗ ಅವರು ನಾಚಿಕೊಳ್ಳಲೂ ಇಲ್ಲ. ನೆರೆಯ ದೇಶದ ದಾರಿಯಿಂದ ತರಿಸಿ, ಬೇರೆ ರಾಜ್ಯದಲ್ಲಿ ನೋಂದಣಿ ಮಾಡಿಸಿ ಕೊಡುತ್ತೇನೆ, ಇನ್ನೆರಡು ಲಕ್ಷ ಕೊಡಿ ಎಂದರು. ಹಾಗೆ ಭೂತಾನ್ ಮಾರ್ಗವಾಗಿ ಬಂದ ವಾಹನಗಳನ್ನು 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಅಧಿಕಾರಿಗಳು ಮನೆಮನೆಗೆ ಹೋಗಿ ವಶಪಡಿಸಿಕೊಂಡಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಎಪ್ಪತ್ತೆರಡು ವರ್ಷದ ನಮ್ಮ ತಂದೆಯವರನ್ನು ಕೂರಿಸಿಕೊಂಡು ಹೋಗಬೇಕಾದ ಗಾಡಿಯನ್ನು ಕಳ್ಳಮಾಲಿನಂತೆ ಮುಚ್ಚಿಟ್ಟುಕೊಳ್ಳಬೇಕಿತ್ತೇ?

ಹಣ ವಾಪಸ್ ಕೇಳಿದ್ದಕ್ಕೆ ಅರವತ್ತು ಸಾವಿರ ಕೊಟ್ಟು, ಉಳಿದದ್ದು ‘ಸರ್ವಿಸ್ ಚಾರ್ಜ್’ ಎಂದರು. ಯಾವ ಸರ್ವಿಸ್ ಎಂದು ಕೇಳಿದ ಮೇಲೆ ನನ್ನ ಫೋನ್ ಎತ್ತುತ್ತಿಲ್ಲ. ಉಳಿದ ತೊಂಬತ್ತು ಸಾವಿರಕ್ಕಾಗಿ ವಕೀಲರಿಂದ ನೋಟಿಸ್ ಕಳಿಸಿದ್ದೇನೆ, ಅದರ ಜೊತೆಗೆ ಆ ಹರಾಜು ಚೀಟಿಯ ಬಣ್ಣದ ಪ್ರತಿಯನ್ನೂ ಇಟ್ಟಿದ್ದೇನೆ. ಉತ್ತರಕ್ಕೆ ಕೊಟ್ಟ ಗಡುವು ಬರುವ ಸೋಮವಾರಕ್ಕೆ ಮುಗಿಯುತ್ತದೆ. ಅದು ದಾಟಿದರೆ ಮರುದಿನವೇ ಮಂಡ್ಯದ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ.